ಚಕ್ರ ಉರುಳದ ಜಾಗದಲ್ಲೇ ಪರೀಕ್ಷೆ: ಹಲವು ಬೌಲಿಂಗ್ ಚೆಂಡುಗಳಿಗೆ ರೋಲಿಂಗ್ ಬ್ಯಾಗ್ ಆರಿಸುವ ಸಮಗ್ರ ಮಾರ್ಗದರ್ಶಿ

ಭಾರದ ಚೆಂಡನ್ನು ಉರುಳಿಸಿ ಹತ್ತು ಪಿನ್ನುಗಳನ್ನು ಬೀಳಿಸುವ ಆಟವಾದ ಟೆನ್‌ಪಿನ್ ಬೌಲಿಂಗ್‌ನಲ್ಲಿ ಚೆಂಡಿನ ತೂಕಕ್ಕೆ ಇರುವ ಮೇಲ್ಮಿತಿ 16 ಪೌಂಡ್, ಅಂದರೆ 7.26 ಕಿಲೊ. ನಿಯಮಿತವಾಗಿ ಆಡುವ ವಯಸ್ಕರಲ್ಲಿ ಅನೇಕರು 14 ಅಥವಾ 15 ಪೌಂಡಿನ ಚೆಂಡನ್ನು ಹಿಡಿಯುತ್ತಾರೆ. 15 ಪೌಂಡಿನ ಮೂರು ಚೆಂಡುಗಳೆಂದರೆ 20.4 ಕಿಲೊ; ಅದಕ್ಕೆ ಬ್ಯಾಗಿನ ಸ್ವಂತ ತೂಕ ಆರು ಕಿಲೊದಷ್ಟು ಸೇರುತ್ತದೆ, ಶೂ, ಟವೆಲ್, ಬೆರಳಿನ ಟೇಪು, ಮಣಿಕಟ್ಟಿನ ಪಟ್ಟಿ ಇವೆಲ್ಲ ಸೇರಿ ಇನ್ನೊಂದು ಒಂದೂವರೆ ಕಿಲೊ ಆಗುತ್ತದೆ. ಒಟ್ಟು ಲೆಕ್ಕ 28 ಕಿಲೊ. ಮನೆಗೆ ಬರುವ ತುಂಬಿದ ಗ್ಯಾಸ್ ಸಿಲಿಂಡರಿನಲ್ಲಿ 14.2 ಕಿಲೊ ಅನಿಲವೂ ಹೆಚ್ಚುಕಡಿಮೆ ಅಷ್ಟೇ ತೂಕದ ಉಕ್ಕೂ ಇರುತ್ತದೆ. ಮೂರು ಚೆಂಡಿನ ಬ್ಯಾಗನ್ನು ಎತ್ತುವುದೆಂದರೆ ಹತ್ತಿರ ಹತ್ತಿರ ಆ ಸಿಲಿಂಡರನ್ನು ಎತ್ತಿದಂತೆಯೇ.

ಇಂತಹ ಬ್ಯಾಗುಗಳ ಜಾಹೀರಾತಿನ ಚಿತ್ರಗಳಲ್ಲಿ ನೆಲ ಯಾವಾಗಲೂ ನುಣುಪಾಗಿರುತ್ತದೆ. ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಆ ಬಗೆಯ ನೆಲ ಸಿಗುವುದು ಪ್ರಯಾಣದ ಕೊನೆಯ ಕೆಲವು ಹೆಜ್ಜೆಗಳಲ್ಲಿ ಮಾತ್ರ. ಅದಕ್ಕೂ ಮೊದಲು ಲಿಫ್ಟ್ ಇಲ್ಲದ ಫ್ಲ್ಯಾಟಿನ ಮೆಟ್ಟಿಲುಗಳು, ಇಂಟರ್‌ಲಾಕ್ ಹಾಕಿದ ಅಂಗಳ, ಕದ್ರಿಯ ಕಡೆಗಿನಂತಹ ಏರು ರಸ್ತೆ, ಚರಂಡಿಯ ಮೇಲೆ ಹೊದಿಸಿದ ಕಾಂಕ್ರೀಟ್ ಚಪ್ಪಡಿಗಳು, ಆಟೋರಿಕ್ಷಾದ ಹಿಂಬದಿ, ಇವುಗಳ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಎಲ್ಲವನ್ನೂ ದಾಟಬೇಕಾಗುತ್ತದೆ. ಆದುದರಿಂದ ಈ ಮಾರ್ಗದರ್ಶಿಯ ನಿಲುವು ಇಷ್ಟೇ: ಚಕ್ರದ ಬ್ಯಾಗನ್ನು ಆರಿಸುವಾಗ ಚಕ್ರ ಉರುಳದ ಜಾಗಗಳನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉರುಳುವ ಜಾಗದಲ್ಲಿ ಎಲ್ಲ ಬ್ಯಾಗುಗಳೂ ಚೆನ್ನಾಗಿಯೇ ಉರುಳುತ್ತವೆ.

ಮೊದಲ ಹೆಜ್ಜೆ: ನಿಜವಾಗಿ ಎಷ್ಟು ಚೆಂಡು ಬೇಕು ಎಂಬುದನ್ನು ತೀರ್ಮಾನಿಸಿ

ಆಟಗಾರ ದಾಟಬಾರದ ಫೌಲ್ ಗೆರೆಯಿಂದ ಮೊದಲ ಪಿನ್ನಿನವರೆಗೆ ಲೇನಿನ, ಅಂದರೆ ಚೆಂಡು ಉರುಳುವ ಹಾದಿಯ, ಉದ್ದ 60 ಅಡಿ. ಅದರಲ್ಲಿ ಮುಂಭಾಗದ ಸುಮಾರು 40 ಅಡಿಯವರೆಗೆ ಎಣ್ಣೆ ಹಚ್ಚಿರುತ್ತಾರೆ. ಉಳಿದ ಭಾಗ ಒಣಗಿರುತ್ತದೆ. ಚೆಂಡು ಎಣ್ಣೆಯ ಮೇಲೆ ಜಾರಿಕೊಂಡು ಹೋಗಿ ಒಣಭಾಗದಲ್ಲಿ ಹಿಡಿತ ಸಿಕ್ಕೊಡನೆ ಒಳಕ್ಕೆ ತಿರುಗುತ್ತದೆ. ಆಟ ಮುಂದುವರಿದಂತೆ ಚೆಂಡುಗಳು ಆ ಎಣ್ಣೆಯನ್ನು ಸ್ವಲ್ಪ ಹೀರಿಕೊಳ್ಳುತ್ತವೆ, ಸ್ವಲ್ಪವನ್ನು ಮುಂದಕ್ಕೆ ಎಳೆದೊಯ್ಯುತ್ತವೆ. ಹಾಗಾಗಿ ಮೊದಲ ಆಟದಲ್ಲಿ ಸರಿಯಾಗಿ ತಿರುಗುತ್ತಿದ್ದ ಚೆಂಡು ಮೂರನೆಯ ಆಟದ ಹೊತ್ತಿಗೆ ಬೇಕಾದುದಕ್ಕಿಂತ ಮೊದಲೇ ತಿರುಗತೊಡಗುತ್ತದೆ. ಹೊಸ ಎಣ್ಣೆಗೆ ಬಿಗಿ ಹಿಡಿತದ ರಿಯಾಕ್ಟಿವ್ ರೆಸಿನ್ ಚೆಂಡು, ಎಣ್ಣೆ ಕಡಿಮೆಯಾದ ಮೇಲೆ ಮೃದು ತಿರುವಿನ ಇನ್ನೊಂದು, ಮೂಲೆಯಲ್ಲಿ ಉಳಿದ ಒಂಟಿ ಪಿನ್ನನ್ನು ನೇರವಾಗಿ ಬೀಳಿಸಲು ಪ್ಲಾಸ್ಟಿಕ್ ಚೆಂಡು ಎಂಬ ಮೂರರ ಜೋಡಣೆ ಹುಟ್ಟಿರುವುದು ಈ ಕಾರಣದಿಂದ.

ವಾರಕ್ಕೊಮ್ಮೆ ಗೆಳೆಯರೊಡನೆ ಒಂದೆರಡು ಆಟ ಆಡುವವರಿಗೆ ಒಂದು ತಿರುಗುವ ಚೆಂಡು ಮತ್ತು ಒಂದು ಪ್ಲಾಸ್ಟಿಕ್ ಚೆಂಡು ಧಾರಾಳವಾಗಿ ಸಾಕು. ಬೆಂಗಳೂರಿಗೆ ಅಥವಾ ಬೇರೆ ಊರಿಗೆ ಹೋಗಿ ಪಂದ್ಯಾವಳಿಯಲ್ಲಿ ಒಂದೇ ದಿನ ಆರು ಆಟಗಳನ್ನು ಆಡುವವರಿಗೆ ಮೂರು ಬೇಕಾಗುತ್ತದೆ. ನಾಲ್ಕು ಮತ್ತು ಆರು ಚೆಂಡಿನ ಬ್ಯಾಗುಗಳು ಮನೆಯ ಗ್ಯಾರೇಜಿನಿಂದ ಕಾರಿಗೆ, ಕಾರಿನಿಂದ ಸಮತಟ್ಟಾದ ಪಾರ್ಕಿಂಗಿಗೆ ಹೋಗುವ ದೇಶಗಳ ಬದುಕಿಗೆ ಹೊಂದಿಕೊಂಡವು. ‘ಮುಂದೆ ಬೇಕಾಗಬಹುದು’ ಎಂಬ ಯೋಚನೆಯಿಂದ ಹೆಚ್ಚುವರಿ ಖಾನೆಯ ಬ್ಯಾಗನ್ನು ಕೊಂಡರೆ ಆ ಖಾನೆ ಖಾಲಿ ಉಳಿಯುವುದಿಲ್ಲ; ಬಟ್ಟೆ, ನೀರಿನ ಬಾಟಲಿ, ಹಳೆಯ ಟವೆಲ್, ಮತ್ತೊಂದು ಶೂ ಎಂದು ಅದು ತುಂಬಿಕೊಳ್ಳುತ್ತದೆ, ಆ ಭಾರವನ್ನೂ ನೀವೇ ಹೊರಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಮನೆಯಿಂದ ಲೇನಿನವರೆಗೆ ದಾರಿಯನ್ನು ಅಳೆಯಿರಿ

ಬ್ಯಾಗಿನ ಅಂಗಡಿಯ ಪುಟವನ್ನು ತೆರೆಯುವ ಮೊದಲು ಒಂದು ಕಾಗದ, ಪೆನ್ನು, ಅಳತೆ ಟೇಪು ಹಿಡಿದು ಮನೆಯ ಬಾಗಿಲಿನಿಂದ ಹೊರಡಿ. ಹೊಸ್ತಿಲು ಮತ್ತು ಜಗಲಿಯ ಮೆಟ್ಟಿಲುಗಳನ್ನೂ ಬಿಡದೆ ಎಣಿಸಿ. ಮೆಟ್ಟಿಲು ಎಷ್ಟಿದ್ದರೂ ಅಲ್ಲಿ ಚಕ್ರಕ್ಕೆ ಕೆಲಸವಿಲ್ಲ. ಬ್ಯಾಗನ್ನು ಮೆಟ್ಟಿಲ ಮೇಲೆ ಧಡಧಡನೆ ಇಳಿಸಿದರೆ ಪ್ರತಿ ಹೊಡೆತವೂ ಚಕ್ರಗಳ ಅಚ್ಚಿಗೆ ಮತ್ತು ತಳಕ್ಕೆ ಬೀಳುತ್ತದೆ. ಆದುದರಿಂದ ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ, ತುಂಬಿದ ಬ್ಯಾಗನ್ನು ನಾನು ಒಬ್ಬನೇ ಅಥವಾ ಒಬ್ಬಳೇ ಎಷ್ಟು ಮೆಟ್ಟಿಲು ಎತ್ತಿಕೊಂಡು ಹೋಗಬಲ್ಲೆ ಎಂಬುದು. ಒಂದು ಮಹಡಿಯೂ ಕಷ್ಟ ಎಂದು ಉತ್ತರ ಬಂದರೆ ಬಿಚ್ಚಿ ಎರಡಾಗಿ ಒಯ್ಯಬಹುದಾದ ಬ್ಯಾಗ್ ಮಾತ್ರ ನಿಮಗೆ ಸರಿ.

ಕಾರು ಇದ್ದರೆ ಡಿಕ್ಕಿಯ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ, ಅದರ ಬಾಯಿ ಎಷ್ಟು ಅಗಲವಿದೆ, ಒಳಗೆ ಎಷ್ಟು ಉದ್ದ ಸಿಗುತ್ತದೆ ಎಂದು ಅಳೆಯಿರಿ. ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಬ್ಯಾಗನ್ನು ಅಂಚಿನ ಮೇಲಿನಿಂದ ಎತ್ತಿ ಕೆಳಕ್ಕೆ ಇಳಿಸಬೇಕಾಗುತ್ತದೆ. ಸಿಎನ್‌ಜಿ ಸಿಲಿಂಡರ್ ಕೂರಿಸಿದ ಕಾರಿನಲ್ಲಿ ಉದ್ದನೆಯ ಬ್ಯಾಗಿಗೆ ಜಾಗವೇ ಇರುವುದಿಲ್ಲ. ಒಂದು ಚೆಂಡಿನ ವ್ಯಾಸ ಸುಮಾರು 21.8 ಸೆಂಟಿಮೀಟರ್. ಮೂರು ಚೆಂಡು ಸಾಲಾಗಿ ನಿಂತರೆ ಚೆಂಡುಗಳಿಗೇ 65 ಸೆಂಟಿಮೀಟರಿಗಿಂತ ಹೆಚ್ಚು ಬೇಕು; ಚಕ್ರ, ಶೂ ಖಾನೆ, ಗೋಡೆಯ ದಪ್ಪ ಸೇರಿದರೆ ಬ್ಯಾಗ್ ಇನ್ನೂ ಉದ್ದವಾಗುತ್ತದೆ. ಆಟೋರಿಕ್ಷಾದಲ್ಲಿ ಹೋಗುವವರು ಸೀಟಿನ ಹಿಂದಿನ ಸಾಮಾನು ಜಾಗವನ್ನು ನಂಬಬಾರದು. ಅಷ್ಟು ಎತ್ತರಕ್ಕೆ ಎತ್ತಿ ಹಾಕುವುದು ಕಷ್ಟ, ಏರಿನಲ್ಲಿ ಅದು ಹೊರಗೆ ಜಾರುವ ಅಪಾಯವೂ ಇದೆ. ಕಾಲಿನ ಬಳಿ ಅಡ್ಡಲಾಗಿ ಮಲಗಿಸಲು ಸಾಧ್ಯವೇ ಎಂಬುದನ್ನು ನೋಡಬೇಕು, ಎರಡು ಚೆಂಡಿನ ಬ್ಯಾಗಿಗೆ ಅದು ಸಾಧ್ಯವಾಗುತ್ತದೆ.

ಸಿಟಿ ಬಸ್ಸಿನ ವಿಷಯದಲ್ಲಿ ಮಾತು ಬೆಳೆಸಬೇಕಾಗಿಲ್ಲ. ಎತ್ತರದ ಫುಟ್‌ಬೋರ್ಡಿನ ಮೇಲೆ ಬ್ಯಾಗಿನ ಒಂದು ಚಕ್ರ ಏರುವಷ್ಟರಲ್ಲಿ ನಿರ್ವಾಹಕರು ‘ರೈಟ್ ಪೋಯಿ’ ಎಂದಿರುತ್ತಾರೆ. ಬಸ್ಸನ್ನೇ ನೆಚ್ಚಿರುವವರು ಒಂದೇ ಚೆಂಡಿನ ಹೆಗಲ ಚೀಲಕ್ಕೆ ನಿಲ್ಲುವುದು ಮೇಲು.

ಮೂರನೆಯ ಹೆಜ್ಜೆ: ಜೋಡಣೆಯನ್ನು ಆರಿಸಿ

ಚೆಂಡುಗಳನ್ನು ಒಂದರ ಮೇಲೊಂದು ಇಡುವ ನಿಲುವಿನ ಬ್ಯಾಗ್ ಸಾಮಾನ್ಯವಾಗಿ ಕಾಣಸಿಗುವ ಬಗೆ. ಇದು ಕಡಿಮೆ ಜಾಗದಲ್ಲಿ ನಿಲ್ಲುತ್ತದೆ, ಕಿರಿದಾದ ಬಾಗಿಲಿನಲ್ಲಿ ಸುಲಭವಾಗಿ ಹಾಯುತ್ತದೆ. ಆದರೆ ಮೂರು ಚೆಂಡಿನ ನಿಲುವಿನ ಬ್ಯಾಗಿನಲ್ಲಿ ಭಾರದ ಕೇಂದ್ರ ಎತ್ತರದಲ್ಲಿರುವುದರಿಂದ, ರಸ್ತೆ ಒಂದು ಬದಿಗೆ ವಾಲಿದ ಕಡೆ ಅದು ಮಗುಚಿಕೊಳ್ಳಲು ನೋಡುತ್ತದೆ. ಮಳೆನೀರು ಹರಿದುಹೋಗಲೆಂದು ನಮ್ಮ ಬಹುತೇಕ ರಸ್ತೆಗಳ ಅಂಚುಗಳು ವಾಲಿಯೇ ಇರುತ್ತವೆ ಎಂಬುದನ್ನು ಮರೆಯಬಾರದು.

ಚೆಂಡುಗಳನ್ನು ಅಡ್ಡಡ್ಡ ಸಾಲಾಗಿ ಮಲಗಿಸುವ, ಒಂದು ತುದಿಯಲ್ಲಿ ಚಕ್ರವಿರುವ ಟೋಟ್ ಬಗೆಯ ಬ್ಯಾಗ್ ಹಗುರವಾಗಿರುತ್ತದೆ, ಸಾಮಾನ್ಯ ಪ್ರಯಾಣದ ಚೀಲದಂತೆ ಡಿಕ್ಕಿಯಲ್ಲಿ ಅಥವಾ ರೈಲಿನ ಸೀಟಿನಡಿ ಕೂರುತ್ತದೆ. ಇದರಲ್ಲಿ ಹೆಚ್ಚಾಗಿ ಶೂಗೆ ಪ್ರತ್ಯೇಕ ಖಾನೆ ಇರುವುದಿಲ್ಲ, ಎಳೆಯುವ ಹಿಡಿಯೂ ಕೆಲವೊಮ್ಮೆ ಬರಿಯ ಪಟ್ಟಿ. ದೂರ ಎಳೆಯುವವರಿಗೆ ಇದು ಸೊಂಟ ನೋವು ತರುತ್ತದೆ.

ಮೂರನೆಯ ಬಗೆಯಲ್ಲಿ ಕೆಳಗೆ ಚಕ್ರವುಳ್ಳ ಎರಡು ಚೆಂಡಿನ ಭಾಗ, ಅದರ ಮೇಲೆ ಬಕಲ್ ಅಥವಾ ಜಿಪ್‌ನಿಂದ ಕೂರುವ ಒಂದು ಅಥವಾ ಎರಡು ಚೆಂಡಿನ ಕೈಚೀಲ ಇರುತ್ತದೆ. ಬೆಲೆ ಸ್ವಲ್ಪ ಹೆಚ್ಚು, ಜೋಡಣೆಯ ಬಕಲ್ಲುಗಳು ಸಡಿಲವಾಗುವ ಸಾಧ್ಯತೆಯೂ ಇದೆ. ಹೀಗಿದ್ದರೂ ಕರಾವಳಿಯ ಮನೆಗಳಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಮೆಟ್ಟಿಲಿನಲ್ಲಿ 28 ಕಿಲೊವನ್ನು ಒಮ್ಮೆಗೇ ಎತ್ತುವ ಬದಲು ಸುಮಾರು 20 ಮತ್ತು 8 ಕಿಲೊಗಳಾಗಿ ಎರಡು ಸಲ ಒಯ್ಯಬಹುದು. ಊರಿನಲ್ಲಿ ಆಡುವ ದಿನ ಮೇಲಿನ ಭಾಗವನ್ನು ಮನೆಯಲ್ಲೇ ಬಿಡಬಹುದು. ಮೇಲಿನ ಚೀಲ ಕಳಚಿದ ಮೇಲೆ ಕೆಳಗಿನ ಭಾಗ ತಾನಾಗಿ ಮುಚ್ಚಿಕೊಂಡು ಪೂರ್ಣ ಬ್ಯಾಗ್ ಆಗಿ ಉಳಿಯುತ್ತದೆಯೇ ಎಂಬುದನ್ನು ಮಾತ್ರ ಕೊಳ್ಳುವ ಮೊದಲು ವಿಚಾರಿಸಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಚಕ್ರ, ಅಚ್ಚು, ಬೇರಿಂಗ್

ಬ್ಯಾಗಿನ ಬೆಲೆ ಎಲ್ಲಿ ಹೋಗಿದೆ ಎಂಬುದು ಇಲ್ಲಿ ತಿಳಿಯುತ್ತದೆ. ಆದುದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು.

ಸಾಮಾನ್ಯ ಸೂಟ್‌ಕೇಸಿನ ಚಕ್ರದ ವ್ಯಾಸ ಐದಾರು ಸೆಂಟಿಮೀಟರ್ ಇದ್ದರೆ, ಒಳ್ಳೆಯ ಬೌಲಿಂಗ್ ಬ್ಯಾಗುಗಳಲ್ಲಿ ಅದು ಐದು ಇಂಚು, ಅಂದರೆ ಹನ್ನೆರಡೂವರೆ ಸೆಂಟಿಮೀಟರಿನಷ್ಟು ಇರುತ್ತದೆ. ಈ ವ್ಯತ್ಯಾಸದ ಫಲವನ್ನು ಇಂಟರ್‌ಲಾಕ್ ಅಂಗಳದಲ್ಲಿ ಕಣ್ಣಾರೆ ನೋಡಬಹುದು. ಎರಡು ಇಟ್ಟಿಗೆಗಳ ನಡುವಿನ ಸಂದಿಗೆ ಬಂದಾಗ ಸಣ್ಣ ಚಕ್ರ ಅದರೊಳಕ್ಕೆ ಇಳಿದು, ಎದುರಿನ ಅಂಚಿಗೆ ಹೊಡೆದು, ಒಂದು ಕ್ಷಣ ನಿಂತೇಬಿಡುತ್ತದೆ; ಎಳೆಯುವವರ ಭುಜಕ್ಕೆ ಒಂದು ಜಗ್ಗು ಬೀಳುತ್ತದೆ. ದೊಡ್ಡ ಚಕ್ರಕ್ಕೆ ಅದೇ ಸಂದಿಯೊಳಗೆ ಇಳಿಯುವಷ್ಟು ಜಾಗ ಸಿಗುವುದಿಲ್ಲ. ಅಂಚಿನಿಂದ ಅಂಚಿಗೆ ಅದು ದಾಟಿಕೊಳ್ಳುತ್ತದೆ. ಫುಟ್‌ಪಾತಿನ ಚಪ್ಪಡಿಗಳು ಒಂದು ಮೇಲೆ ಒಂದು ಕೆಳಗೆ ಕೂತಿರುವ ಕಡೆಗಳಲ್ಲಿಯೂ ಹೀಗೆಯೇ. ಎರಡು ಚೆಂಡಿಗೆ ನಾಲ್ಕೂವರೆ ಇಂಚು, ಮೂರು ಅಥವಾ ಹೆಚ್ಚಿಗೆ ಐದು ಇಂಚು ಎಂಬುದನ್ನು ಕನಿಷ್ಠವೆಂದು ಇಟ್ಟುಕೊಳ್ಳಿ.

ಚಕ್ರದ ಹೊರಪದರವನ್ನು ಉಗುರಿನಿಂದ ಒತ್ತಿ ನೋಡಿ. ಯುರೆಥೇನ್ ಆಗಿದ್ದರೆ ತುಸು ಬಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಆಗಿದ್ದರೆ ಬಗ್ಗುವುದೇ ಇಲ್ಲ. ಗಟ್ಟಿ ಪ್ಲಾಸ್ಟಿಕ್ ಒದ್ದೆ ಟೈಲ್ಸಿನ ಮೇಲೆ ಜಾರುತ್ತದೆ, ಒರಟು ರಸ್ತೆಯಲ್ಲಿ ಕಂಪನವನ್ನೆಲ್ಲ ಬ್ಯಾಗಿಗೆ ದಾಟಿಸುತ್ತದೆ, ಬೆಳಗಿನ ಜಾವ ಫ್ಲ್ಯಾಟಿನಿಂದ ಹೊರಟರೆ ನೆರೆಹೊರೆಯವರನ್ನೆಲ್ಲ ಎಬ್ಬಿಸುತ್ತದೆ.

ಮುಂದೆ ಬ್ಯಾಗನ್ನು ತಲೆಕೆಳಗು ಮಾಡಿ ಅಚ್ಚನ್ನು ನೋಡಿ. ಎರಡೂ ಚಕ್ರಗಳ ನಡುವೆ ಒಂದೇ ಲೋಹದ ಸರಳು ಹಾದುಹೋಗಿದ್ದರೆ ಭಾರ ಸಮನಾಗಿ ಹಂಚಿಹೋಗುತ್ತದೆ. ಪ್ರತಿ ಚಕ್ರವೂ ಪ್ಲಾಸ್ಟಿಕ್ ಗೂಡಿನಲ್ಲಿ ತನ್ನದೇ ಗಿಡ್ಡ ಮೊಳೆಯ ಮೇಲೆ ನಿಂತಿದ್ದರೆ, ಕಾಲಕ್ರಮದಲ್ಲಿ ಆ ಗೂಡು ಬಾಯಿಬಿಟ್ಟು ಚಕ್ರಗಳು ಒಳಮುಖವಾಗಿ ವಾಲುತ್ತವೆ. ಚಕ್ರವನ್ನು ಕೈಯಿಂದ ಅಕ್ಕಪಕ್ಕ ಅಲುಗಾಡಿಸಿದಾಗ ಸಡಿಲ ಹೆಚ್ಚಿದ್ದರೆ ಆ ಬ್ಯಾಗನ್ನು ಬಿಟ್ಟುಬಿಡಿ. ಸರಳಿನ ತುದಿಯಲ್ಲಿ ನಟ್ಟು ಅಥವಾ ಸ್ಕ್ರೂ ಇದ್ದರೆ ಮುಂದೆ ಬಿಚ್ಚಿ ಸರಿಪಡಿಸಬಹುದು, ರಿವೆಟ್ ಹೊಡೆದಿದ್ದರೆ ಆ ದಾರಿ ಮುಚ್ಚಿದಂತೆ. ಕೆಲವು ಬ್ಯಾಗುಗಳ ಚಕ್ರಕ್ಕೆ ಇನ್‌ಲೈನ್ ಸ್ಕೇಟುಗಳಲ್ಲಿ ಬಳಸುವ 608 ಬೇರಿಂಗನ್ನೇ ಹಾಕಿರುತ್ತಾರೆ. ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿಲಿಮೀಟರಿನ ಈ ಬೇರಿಂಗ್ ಸ್ಕೇಟಿಂಗ್ ಸಾಮಾನು ಮಾರುವಲ್ಲಿಯೂ ಬೇರಿಂಗ್ ಅಂಗಡಿಯಲ್ಲಿಯೂ ಅಗ್ಗದಲ್ಲಿ ಸಿಗುತ್ತದೆ. ಸಮುದ್ರದ ಉಪ್ಪುಗಾಳಿಯಲ್ಲಿ ಉಕ್ಕಿನ ಬೇರಿಂಗ್ ತುಕ್ಕು ಹಿಡಿಯುವುದು ಬಹುತೇಕ ಖಚಿತವಾಗಿರುವುದರಿಂದ, ಬದಲಿಸಬಹುದಾದ ಬೇರಿಂಗ್ ಇರುವುದು ನಮ್ಮ ಕಡೆಯವರಿಗೆ ದೊಡ್ಡ ಅನುಕೂಲ.

ನಾಲ್ಕೂ ದಿಕ್ಕಿಗೆ ತಿರುಗುವ ನಾಲ್ಕು ಚಕ್ರಗಳ ಬ್ಯಾಗ್ ವಿಮಾನ ನಿಲ್ದಾಣದ ನೆಲದಲ್ಲಿ ಸೊಗಸು. ಇಳಿಜಾರಿನಲ್ಲಿ ಕೈಬಿಟ್ಟರೆ 28 ಕಿಲೊ ತನ್ನ ಪಾಡಿಗೆ ಹೊರಟುಹೋಗುತ್ತದೆ. ಮಂಗಳೂರಿನಲ್ಲಿ ಇಳಿಜಾರಿಲ್ಲದ ದಾರಿ ಎಷ್ಟಿದೆ ಎಂದು ಯೋಚಿಸಿ ನಿರ್ಧರಿಸಿ.

ಐದನೆಯ ಹೆಜ್ಜೆ: ಹಿಡಿಗಳನ್ನು ಪರೀಕ್ಷಿಸಿ

ಎಳೆಯುವ ಹಿಡಿಯನ್ನು ಪೂರ್ತಿ ಹೊರತೆಗೆದು ಬ್ಯಾಗನ್ನು ವಾಲಿಸಿದಾಗ ಭಾರದ ಹೆಚ್ಚಿನ ಪಾಲು ಅಚ್ಚಿನ ನೇರ ಮೇಲೆ ಬರಬೇಕು. ಹಿಡಿ ಗಿಡ್ಡವಾಗಿದ್ದರೆ ಬ್ಯಾಗ್ ಬಹಳವಾಗಿ ವಾಲಿ, ಆ ಭಾರದ ಒಂದು ಪಾಲು ಕೈಗೆ ಬರುತ್ತದೆ, ಬ್ಯಾಗಿನ ತಳ ಹಿಮ್ಮಡಿಗೆ ಬಡಿಯುತ್ತದೆ. ಐದೂವರೆ ಅಡಿ ದಾಟಿದವರು ನಿಂತಾಗ ಹಿಡಿಯ ತುದಿ ನೆಲದಿಂದ ಒಂದು ಮೀಟರಿನಷ್ಟಾದರೂ ಎತ್ತರಕ್ಕೆ ಬರುವುದನ್ನು ಆರಿಸಿದರೆ ನೇರವಾಗಿ ನಡೆಯಬಹುದು. ಪೂರ್ತಿ ಎಳೆದ ಹಿಡಿಯನ್ನು ಎಡಬಲಕ್ಕೆ ತಿರುಚಿ ನೋಡಿ. ಸ್ವಲ್ಪ ಅಲುಗಾಟ ಎಲ್ಲದರಲ್ಲೂ ಇರುತ್ತದೆ, ಆದರೆ ಕೊಳವೆ ಬಾಗಿದಂತೆ ಕಾಣಬಾರದು. ಲಾಕ್ ಬೀಳುವಾಗ ಸ್ಪಷ್ಟವಾದ ಸದ್ದು ಬರಬೇಕು.

ಇದಕ್ಕಿಂತಲೂ ಮುಖ್ಯವಾದುದು ಎತ್ತುವ ಹಿಡಿಗಳು. ಎಳೆಯುವ ಹಿಡಿಯನ್ನು ಹಿಡಿದು ಬ್ಯಾಗನ್ನು ಎಂದಿಗೂ ಎತ್ತಬಾರದು. ಅದು ಎಳೆತಕ್ಕೆ ಮಾಡಿದ್ದು, ಎತ್ತುವಿಕೆಗೆ ಅಲ್ಲ, ಮೊದಲು ಮುರಿಯುವುದೂ ಅದೇ. ಬ್ಯಾಗಿನ ನೆತ್ತಿಯಲ್ಲಿ ಒಂದು, ತಳದ ಬಳಿ ಒಂದು, ಹೀಗೆ ಎರಡು ಗಟ್ಟಿ ಹಿಡಿಗಳಿದ್ದರೆ ಮಾತ್ರ ಡಿಕ್ಕಿಗೆ ಏರಿಸುವಾಗ ಎರಡೂ ಕೈಗೆ ಕೆಲಸ ಸಿಗುತ್ತದೆ. ತಳದ ಹಿಡಿ ಬಟ್ಟೆಗೆ ಮಾತ್ರ ಹೊಲಿದಿದೆಯೇ, ಒಳಗಿನ ಗಟ್ಟಿ ತಟ್ಟೆಗೆ ಸ್ಕ್ರೂ ಅಥವಾ ರಿವೆಟ್‌ನಿಂದ ಸೇರಿದೆಯೇ ಎಂಬುದನ್ನು ಬ್ಯಾಗಿನೊಳಗೆ ಕೈಹಾಕಿ ತಡವಿ ತಿಳಿಯಿರಿ. ಪಟ್ಟಿಯ ತುದಿಯಲ್ಲಿ ಚೌಕಾಕಾರದೊಳಗೆ ಅಡ್ಡಗೆರೆ ಹಾಕಿದ ಹೊಲಿಗೆ ಇರಬೇಕು. ಒಂದೇ ಗೆರೆಯ ಹೊಲಿಗೆ ಈ ಭಾರಕ್ಕೆ ನಿಲ್ಲುವುದಿಲ್ಲ. ತಳದ ಹಿಡಿಯೇ ಇಲ್ಲದ ಬ್ಯಾಗ್ ಎಷ್ಟು ಚೆಂದವಾಗಿದ್ದರೂ ನಿಮ್ಮ ಆಯ್ಕೆಯ ಪಟ್ಟಿಯಿಂದ ಹೊಡೆದುಹಾಕಿ.

ಆರನೆಯ ಹೆಜ್ಜೆ: ಬಟ್ಟೆ, ಜಿಪ್, ಒಳಗಿನ ಖಾನೆಗಳು

ಬಟ್ಟೆಯ ವಿವರದಲ್ಲಿ 600ಡಿ, 840ಡಿ, 1680ಡಿ ಎಂಬ ಸಂಖ್ಯೆಗಳು ಕಾಣುತ್ತವೆ. ಡೆನಿಯರ್ ಎಂದರೆ ಒಂಬತ್ತು ಸಾವಿರ ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ಸಂಖ್ಯೆ ಹೆಚ್ಚಿದಷ್ಟೂ ನೂಲು ದಪ್ಪ. ಎರಡು ಚೆಂಡಿಗೆ 600ಡಿ ನಡೆಯುತ್ತದೆ, ಮೂರಕ್ಕೆ 840ಡಿ ಅಥವಾ ಮೇಲಿನದು ಒಳ್ಳೆಯದು. ಆದರೆ ಮಳೆಯನ್ನು ತಡೆಯುವುದು ನೂಲಿನ ದಪ್ಪವಲ್ಲ, ಬಟ್ಟೆಯ ಒಳಬದಿಯ ಲೇಪ. ಇಲ್ಲಿಯ ತೇವದಲ್ಲಿ ಕೆಲವು ಬಗೆಯ ಪಾಲಿಯುರೆಥೇನ್ ಲೇಪಗಳು ಕೆಲವೇ ವರ್ಷಗಳಲ್ಲಿ ಅಂಟಂಟಾಗಿ, ಆಮೇಲೆ ಪುಡಿಪುಡಿಯಾಗಿ ಉದುರುವುದನ್ನು ಕಪಾಟಿನಲ್ಲಿಟ್ಟ ಹಳೆಯ ಬ್ಯಾಗು, ಶೂಗಳಲ್ಲಿ ಎಲ್ಲರೂ ಕಂಡಿರುತ್ತಾರೆ. ಪಿವಿಸಿ ಲೇಪ ಅಷ್ಟು ಬೇಗ ಹಾಗಾಗುವುದಿಲ್ಲ, ಸ್ವಲ್ಪ ಭಾರ ಮತ್ತು ಬಿರುಸು. ಕರಾವಳಿಗೆ ಪಿವಿಸಿಯೇ ವಾಸಿ.

ಎಂತಹ ಲೇಪವಿದ್ದರೂ ನೀರು ಒಳನುಗ್ಗುವುದು ಜಿಪ್ಪಿನಿಂದ ಮತ್ತು ಹೊಲಿಗೆಯಿಂದ. ಜಿಪ್ಪಿನ ಮೇಲೆ ಬಟ್ಟೆಯ ಮಡಿಕೆ ಮುಚ್ಚಿಕೊಂಡಿರಬೇಕು. ಜಿಪ್ಪಿನ ಹಲ್ಲುಗಳು 8 ಅಥವಾ 10ನೆಯ ಸಂಖ್ಯೆಯ ದಪ್ಪದವಾಗಿರಲಿ. ವೈಕೆಕೆಯಂತಹ ಹೆಸರಾಂತ ಕಂಪನಿಯ ಜಿಪ್ ಆಗಿದ್ದರೆ ಇನ್ನೂ ಒಳ್ಳೆಯದು. ಎಳೆಯುವ ತುಂಡು ಬಣ್ಣ ಬಳಿದ ಕಬ್ಬಿಣದ್ದಾಗಿದ್ದರೆ ಒಂದೇ ಮಳೆಗಾಲದಲ್ಲಿ ಬಣ್ಣ ಎದ್ದು, ತುಕ್ಕು ಹಿಡಿದು, ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಆ ತುಂಡಿಗೆ ಹಗ್ಗದ ಕುಣಿಕೆ ಹಾಕಿದ್ದರೆ ಒದ್ದೆ ಕೈಯಲ್ಲಿಯೂ ಎಳೆಯಲು ಬರುತ್ತದೆ. ಮಳೆಹೊದಿಕೆ ಜೊತೆಗೇ ಬರುವ ಬ್ಯಾಗುಗಳಿವೆ. ಇಲ್ಲದಿದ್ದರೆ ದೊಡ್ಡ ಟ್ರೆಕ್ಕಿಂಗ್ ಬ್ಯಾಗಿನ ಹೊದಿಕೆಯನ್ನು ಅಳತೆ ನೋಡಿ ಕೊಳ್ಳಬಹುದು.

ಶೂ ಖಾನೆಯ ವಿಷಯದಲ್ಲಿ ರಾಜಿ ಬೇಡ. ಬೌಲಿಂಗ್ ಶೂಗಳಲ್ಲಿ ಜಾರುವ ಪಾದದ ಅಡಿಭಾಗ ಒಣಗಿರಲೇಬೇಕು. ಅದು ಒದ್ದೆಯಾದರೆ ಜಾರಬೇಕಾದ ಕಾಲು ಫೌಲ್ ಗೆರೆಯ ಮುಂದೆ ಥಟ್ಟನೆ ಕಚ್ಚಿ ನಿಲ್ಲುತ್ತದೆ, ಆಟಗಾರ ಮುಂದಕ್ಕೆ ಮುಗ್ಗರಿಸುತ್ತಾನೆ. ಮೊಣಕಾಲಿಗೆ ಪೆಟ್ಟಾಗುವುದು ಹೀಗೆಯೇ. ಆದುದರಿಂದ ಶೂವಿನ ಖಾನೆ ಬ್ಯಾಗಿನ ಮೇಲ್ಭಾಗದಲ್ಲಿ, ತನ್ನದೇ ಜಿಪ್ಪಿನೊಂದಿಗೆ ಇರಬೇಕು, ಗಾಳಿಯಾಡಲು ಜಾಲರಿಯ ಕಿಂಡಿ ಇದ್ದರೆ ಒಳ್ಳೆಯದು. ಒದ್ದೆ ಕೊಡೆ, ಎಣ್ಣೆ ಒರೆಸಿದ ಟವೆಲ್ ಇವುಗಳಿಗೆ ಹೊರಗಿನ ಬೇರೆ ಖಾನೆ ಬೇಕು.

ಚೆಂಡು ಕೂರುವ ತಳದಲ್ಲಿ ಬಟ್ಟಲಿನ ಆಕಾರದ ಫೋಮ್ ಅಥವಾ ಅಚ್ಚೊತ್ತಿದ ಪ್ಲಾಸ್ಟಿಕ್ ಇರುತ್ತದೆ. ಫೋಮ್ ಆದರೆ ಬೆರಳಿನಿಂದ ಒತ್ತಿ ನೋಡಿ: ಒತ್ತಿದ ಗುರುತು ಉಳಿದುಕೊಂಡರೆ ಏಳು ಕಿಲೊದ ಚೆಂಡಿನಡಿ ಅದು ಬೇಗನೆ ಚಪ್ಪಟೆಯಾಗಿ, ಚೆಂಡು ತಳದ ಗಟ್ಟಿ ಹಲಗೆಗೆ ತಾಗುತ್ತದೆ. ಚೆಂಡು ಮತ್ತು ಚೆಂಡಿನ ನಡುವೆ ಮೆತ್ತನೆಯ ಅಡ್ಡಗೋಡೆ ಇರಬೇಕು. ಉಳಿದ ಚಿಕ್ಕಪುಟ್ಟ ಜೇಬುಗಳು ಎಷ್ಟಿದ್ದರೂ ಸರಿ.

ಏಳನೆಯ ಹೆಜ್ಜೆ: ಊರು ಬಿಟ್ಟು ಹೋಗುವ ದಿನದ ಲೆಕ್ಕ

ಮಂಗಳೂರಿನ ಬಜಪೆಯ ನಿಲ್ದಾಣದಿಂದ ವಿಮಾನ ಹತ್ತುವವರಿಗೆ ಮೊದಲ ತೊಡಕು ತೂಕದ್ದು. ಇಂಡಿಗೊದಂತಹ ಸಂಸ್ಥೆಗಳ ದೇಶದೊಳಗಿನ ಸಾಮಾನ್ಯ ಟಿಕೆಟಿಗೆ ಚೆಕ್-ಇನ್ ಸಾಮಾನು 15 ಕಿಲೊ, ಕೈಚೀಲ 7 ಕಿಲೊ. 16 ಪೌಂಡಿನ ಒಂದೇ ಚೆಂಡು ಕೈಚೀಲದ ಮಿತಿಯನ್ನು ಮೀರುತ್ತದೆ; 15 ಪೌಂಡಿನದ್ದಾದರೆ ಚೀಲಕ್ಕೆ ಉಳಿಯುವುದು ಇನ್ನೂರು ಗ್ರಾಂ. 14 ಪೌಂಡಿನ ಎರಡು ಚೆಂಡು 12.7 ಕಿಲೊ; ಬ್ಯಾಗಿನ ನಾಲ್ಕೈದು ಕಿಲೊ ಸೇರಿದೊಡನೆ 15 ದಾಟುತ್ತದೆ. ಆದ್ದರಿಂದ ಹೆಚ್ಚುವರಿ ತೂಕವನ್ನು ಟಿಕೆಟಿನ ಜೊತೆಗೇ ಮೊದಲೇ ಕೊಳ್ಳಬೇಕು, ಕೌಂಟರಿನಲ್ಲಿ ಕಟ್ಟುವುದು ಹೆಚ್ಚು ದುಬಾರಿಯಾಗುತ್ತದೆ. ಹಣ ಕಟ್ಟಲು ಸಿದ್ಧರಿದ್ದರೂ ಒಂದೇ ಬ್ಯಾಗ್ 32 ಕಿಲೊ ಮೀರಿದರೆ ಅದನ್ನು ತೆಗೆದುಕೊಳ್ಳುವುದಿಲ್ಲ. 15 ಪೌಂಡಿನ ನಾಲ್ಕು ಚೆಂಡು 27.2 ಕಿಲೊ, ಬ್ಯಾಗ್ ಎಂಟು ಕಿಲೊ ಎಂದರೆ ಅದು ಅಲ್ಲಿಗೇ ನಿಲ್ಲುತ್ತದೆ. ಬಿಚ್ಚಿ ಎರಡಾಗುವ ಬ್ಯಾಗಿನ ಲಾಭ ಇಲ್ಲಿಯೂ ಇದೆ.

ರೈಲು ಈ ವಿಷಯದಲ್ಲಿ ಉದಾರಿ. ಸ್ಲೀಪರ್ ಮತ್ತು ಮೂರನೆಯ ದರ್ಜೆಯ ಎಸಿ ಬೋಗಿಗಳಲ್ಲಿ ಒಬ್ಬರಿಗೆ 40 ಕಿಲೊವರೆಗೆ ಶುಲ್ಕವಿಲ್ಲದೆ ಒಯ್ಯಬಹುದು. ಮಂಗಳೂರು ಸೆಂಟ್ರಲ್‌ನಿಂದಲೇ ಹೊರಡುವ ಗಾಡಿಯಾದರೆ ಸಾವಕಾಶವಾಗಿ ಹತ್ತಿಸಬಹುದು. ಉಡುಪಿಯಲ್ಲಿ ಗಾಡಿ ನಿಲ್ಲುವುದು ಕೆಲವೇ ನಿಮಿಷ. ಅಲ್ಲಿ ಇಂದ್ರಾಳಿಯ ನಿಲ್ದಾಣಕ್ಕೆ ಮೊದಲೇ ಬಂದು ಬೋಗಿ ನಿಲ್ಲುವ ಜಾಗದಲ್ಲಿ ನಿಂತು, ಮೇಲಿನ ಚೀಲವನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಕೆಳಗಿನ ಭಾಗವನ್ನು ಮೊದಲು ಏರಿಸಬೇಕು. ನಿಲುವಿನ ಮೂರು ಚೆಂಡಿನ ಬ್ಯಾಗನ್ನು ಸೀಟಿನಡಿ ಮಲಗಿಸುವಾಗ ಚಕ್ರದ ಬದಿ ಒಳಗಿರಲಿ, ಇಲ್ಲವಾದರೆ ಘಾಟಿಯ ತಿರುವಿನಲ್ಲಿ ಅದು ಹೊರಗೆ ಉರುಳಿ ಬರುತ್ತದೆ.

ರಾತ್ರಿಯ ಸ್ಲೀಪರ್ ಬಸ್ಸಿನಲ್ಲಿ ಹೋಗುವುದಾದರೆ ಡಿಕ್ಕಿಯಲ್ಲಿ ಬ್ಯಾಗನ್ನು ಮಲಗಿಸಿಯೇ ಇಡಿಸಬೇಕು, ಅದರ ಪಕ್ಕದಲ್ಲಿ ಯಾರದೋ ಮೀನಿನ ಪೆಟ್ಟಿಗೆ ಇಲ್ಲದಂತೆ ನೋಡಿಕೊಳ್ಳಬೇಕು. ಶಿರಾಡಿ ಘಾಟಿಯಲ್ಲಿ ಬಸ್ಸು ಕುಲುಕಿದಾಗ ಹೊಡೆತ ತಿನ್ನುವುದು ಎಳೆಯುವ ಹಿಡಿಯ ಕೊಳವೆ; ಹಿಡಿ ಪೂರ್ತಿ ಒಳಗೆ ಹೋಗಿದೆಯೇ ಎಂದು ಎರಡು ಸಲ ನೋಡಿ.

ಎಂಟನೆಯ ಹೆಜ್ಜೆ: ಎಲ್ಲಿಂದ ಕೊಳ್ಳುವುದು

ಇಲ್ಲಿನ ಸಾಮಾನ್ಯ ಕ್ರೀಡಾ ಸಾಮಗ್ರಿಯ ಅಂಗಡಿಗಳಲ್ಲಿ ಇಂತಹ ಬ್ಯಾಗ್ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ಸ್ಟಾರ್ಮ್, ಬ್ರನ್ಸ್‌ವಿಕ್, ಹ್ಯಾಮರ್, ಮೋಟಿವ್, ಕೆಆರ್ ಸ್ಟ್ರೈಕ್‌ಫೋರ್ಸ್ ಮುಂತಾದ ಹೆಸರುಗಳ ಬ್ಯಾಗುಗಳನ್ನು ಹೆಚ್ಚಾಗಿ ಅಂತರ್ಜಾಲದ ಮೂಲಕ ತರಿಸಬೇಕಾಗುತ್ತದೆ. ಹೊರದೇಶದಿಂದ ನೇರವಾಗಿ ತರಿಸಿದರೆ ಸಾಗಣೆಯ ವೆಚ್ಚ ಮತ್ತು ಸುಂಕ ಸೇರಿ ಬೆಲೆ ಏರುತ್ತದೆ. ನಮ್ಮ ಜಿಲ್ಲೆಗಳಲ್ಲಿ ಕೊಲ್ಲಿ ದೇಶದಲ್ಲಿ ಅಣ್ಣನೋ ಬಾವನೋ ಇಲ್ಲದ ಮನೆ ಕಡಿಮೆ. ಅವರು ರಜೆಗೆ ಬರುವಾಗ ತಮ್ಮ ಬಟ್ಟೆಬರೆಯನ್ನು ಈ ಬ್ಯಾಗಿನಲ್ಲೇ ತುಂಬಿಕೊಂಡು ಬಂದರೆ ಪ್ರತ್ಯೇಕ ಸಾಗಣೆಯ ಖರ್ಚು ಉಳಿಯುತ್ತದೆ. ಹೀಗೆ ತರಿಸಿದ ಬ್ಯಾಗನ್ನು ಹಿಂದಿರುಗಿಸುವ ಅವಕಾಶ ಇರುವುದಿಲ್ಲವಾದುದರಿಂದ, ಮೇಲೆ ಹೇಳಿದ ಅಚ್ಚು, ತಳದ ಹಿಡಿ, ಜಿಪ್ಪಿನ ಪರೀಕ್ಷೆಗಳನ್ನು ಅವರಿಂದಲೇ ಅಂಗಡಿಯಲ್ಲಿ ಮಾಡಿಸಿ, ವಿಡಿಯೊ ಕರೆಯಲ್ಲಿ ನೀವೂ ನೋಡಿಕೊಳ್ಳಿ.

ಒಂಬತ್ತನೆಯ ಹೆಜ್ಜೆ: ಬಂದ ದಿನವೇ ಪರೀಕ್ಷೆ

ಅಂತರ್ಜಾಲದಲ್ಲಿ ಕೊಂಡ ಬ್ಯಾಗನ್ನು ಹಿಂದಿರುಗಿಸಲು ದಿನಗಳ ಮಿತಿ ಇರುತ್ತದೆ. ಆದುದರಿಂದ ಚೀಟಿಗಳನ್ನು ಕೀಳದೆ, ಪೆಟ್ಟಿಗೆಯನ್ನು ಎಸೆಯದೆ, ಬಂದ ದಿನವೇ ಮನೆಯೊಳಗೆ ಪೂರ್ತಿ ತುಂಬಿಸಿ ನೋಡಿ. ಚೆಂಡು ಇನ್ನೂ ಕೈಗೆ ಬಂದಿಲ್ಲವೆಂದಾದರೆ ಕುಚ್ಚಲಕ್ಕಿಯನ್ನು ಏಳೇಳು ಕಿಲೊಗಳಂತೆ ಗಟ್ಟಿ ಚೀಲಗಳಲ್ಲಿ ಕಟ್ಟಿ ಖಾನೆಗಳಲ್ಲಿ ಕೂರಿಸಬಹುದು, ಅಕ್ಕಿಗೇನೂ ನಷ್ಟವಿಲ್ಲ.

ಅತಿ ಭಾರದ ಚೆಂಡು ಕೆಳಗೆ, ಬೆರಳಿನ ರಂಧ್ರಗಳು ಮೇಲ್ಮುಖವಾಗಿ ಇರಲಿ. ತೆಗೆಯುವಾಗ ಕೈಗೆ ಹಿಡಿತ ಸಿಗುತ್ತದೆ. ಜಿಪ್ಪನ್ನು ಒಂದೇ ಕೈಯಲ್ಲಿ, ಬಟ್ಟೆಯನ್ನು ಒತ್ತಿಹಿಡಿಯದೆ ಎಳೆಯಿರಿ. ತಿರುವಿನಲ್ಲಿ ಸಿಕ್ಕಿಕೊಂಡರೆ ಬ್ಯಾಗಿನ ಅಳತೆ ಬಿಗಿಯಾಗಿದೆ ಎಂದರ್ಥ, ಬಳಸುತ್ತ ಸಡಿಲವಾಗುವುದು ಜಿಪ್ಪಿನ ಹೊಲಿಗೆಯೇ ಹೊರತು ಬಟ್ಟೆಯಲ್ಲ. ತುಂಬಿದ ಬ್ಯಾಗನ್ನು ಕೈಬಿಟ್ಟು ನಿಲ್ಲಿಸಿ, ನೆತ್ತಿಯನ್ನು ಒಂದು ಬೆರಳಿನಿಂದ ಪಕ್ಕಕ್ಕೆ ನೂಕಿ ನೋಡಿ. ಅಷ್ಟಕ್ಕೇ ವಾಲುವ ಬ್ಯಾಗ್ ಇಳಿಜಾರಿನಲ್ಲಿ ನಿಲ್ಲದು. ಕೊಂಡಿಯ ತೂಕದ ಯಂತ್ರ ಮನೆಯಲ್ಲಿದ್ದರೆ ಖಾಲಿ ಬ್ಯಾಗನ್ನು ತೂಗಿ ಜಾಹೀರಾತಿನ ಅಂಕಿಗೆ ಹೋಲಿಸಿ. ಕೊನೆಗೆ ತಳದ ಹಿಡಿ ಮತ್ತು ನೆತ್ತಿಯ ಹಿಡಿ ಎರಡನ್ನೂ ಹಿಡಿದು, ಮೊಣಕಾಲು ಬಗ್ಗಿಸಿ, ಮಂಚದ ಎತ್ತರಕ್ಕೆ ಒಮ್ಮೆ ಎತ್ತಿ ಇಳಿಸಿ. ಡಿಕ್ಕಿಯ ಅಂಚು ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಎತ್ತರದಲ್ಲೇ ಇರುತ್ತದೆ. ಸೊಂಟ ಒಪ್ಪದಿದ್ದರೆ ಒಂದು ಚೆಂಡು ಕಡಿಮೆಯ ಬ್ಯಾಗಿಗೆ ಬದಲಾಯಿಸಿಕೊಳ್ಳಲು ಇನ್ನೂ ಸಮಯವಿರುತ್ತದೆ.

ಕೊಂಡ ಮೇಲೆ: ಮಳೆಗಾಲ ಮತ್ತು ಬೇಸಿಗೆ

ಮಳೆಯಲ್ಲಿ ನೆನೆದು ಬಂದ ಬ್ಯಾಗನ್ನು ಹಾಗೆಯೇ ಮೂಲೆಯಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಒಳಗೆ ಬೂಸ್ಟು ಬರುತ್ತದೆ. ಚೆಂಡು, ಶೂ ಎಲ್ಲ ಹೊರತೆಗೆದು, ಜಿಪ್ಪುಗಳನ್ನು ತೆರೆದು, ಫ್ಯಾನಿನಡಿ ಒಂದು ರಾತ್ರಿ ಇಡಿ. ಚಕ್ರಗಳಿಗೆ ಅಂಟಿದ ಕೆಂಪು ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಚ್ಚಿನ ತುದಿಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದೆರಡು ಹನಿ ಬಿಡಿ, ಹೆಚ್ಚಾದರೆ ಅದೇ ಎಣ್ಣೆ ಮಣ್ಣನ್ನು ಹಿಡಿದುಕೊಳ್ಳುತ್ತದೆ. ಜಿಪ್ಪಿನ ಹಲ್ಲುಗಳಿಗೆ ಮೇಣದಬತ್ತಿಯ ತುಂಡನ್ನು ಉಜ್ಜಿದರೆ ಸಾಕು.

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಚೆಂಡುಗಳನ್ನು ಬಿಡಬಾರದು. ರೆಸಿನ್ ಚೆಂಡು ಕಾದು ಹಿಗ್ಗಿ, ಆಮೇಲೆ ಎಸಿ ಕೋಣೆಯಲ್ಲಿ ಒಮ್ಮೆಗೇ ತಣಿದರೆ ಹೊರಪದರ ಬಿರುಕು ಬಿಡಬಹುದು. ಹೀರಿಕೊಂಡ ಎಣ್ಣೆಯೂ ಬೆವರಿದಂತೆ ಹೊರಬಂದು ಬ್ಯಾಗಿನ ಫೋಮಿಗೆ ಇಳಿಯುತ್ತದೆ. ಆಡದ ತಿಂಗಳುಗಳಲ್ಲಿ ಚೆಂಡುಗಳನ್ನು ಬ್ಯಾಗಿನಿಂದ ತೆಗೆದು ಬಟ್ಟೆಯ ಬಳೆಯ ಮೇಲೆ ನೆಲದಲ್ಲೇ ಇಡಿ. ಖಾಲಿ ಬ್ಯಾಗನ್ನು ಚಕ್ರದ ಮೇಲೆ ನಿಲ್ಲಿಸದೆ ಮಲಗಿಸಿ, ಒಳಗೆ ನಾಲ್ಕಾರು ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಜಿಪ್ಪನ್ನು ಅರ್ಧ ತೆರೆದೇ ಬಿಡಿ.